ಹಿಂದಿನ ಬೆಂಚಿನ ಕುಟುಂಬ

ಕಾಫಿ ಕೊಯ್ಲಿಗೆ ಅಸ್ಸಾಂನಿಂದ ಬಂದ ಕುಟುಂಬವೊಂದು ಚಿಕ್ಕಮಗಳೂರಿನ ನಿಮ್ಮ ಚರ್ಚಿಗೆ ಬರುತ್ತೆ, ಪೂಜೆ ಮುಗಿದ ಕೂಡಲೇ ಹೊರಟುಬಿಡುತ್ತೆ, ಸಹಾಯ ಮಾಡಿದರೆ ಮುಜುಗರಪಡ್ತಾರಾ ಅಂತ ಕೇಳಿದ್ದೀರಿ.

ಅದು ಬಿಗುಮಾನ ಇರಲಿಕ್ಕಿಲ್ಲ. ತೋಟದವರಿಗೆ ಭಾನುವಾರ ಒಂದೇ ರಜೆ. ರೇಷನ್ ತಗೊಂಡು ಜೀಪು ಹಿಡಿಯಬೇಕು ಅಲ್ವಾ? ಮೊದಲೇ ಹಳೇ ಬಟ್ಟೆ ಕೈಗಿಡಬೇಡಿ. ಪೂಜೆಗೆ ಮುಂಚೆ ಪಕ್ಕದಲ್ಲಿ ಕೂತು ಮಕ್ಕಳ ಹೆಸರು ಕೇಳಿ. ಹರಕು ಮುರುಕು ಹಿಂದಿ ಸಾಕು.

ನಿಜವಾಗಿ ಕಷ್ಟ ಇದ್ದರೆ, ನಿಮ್ಮಲ್ಲಿ ಬಡವರಿಗೆ ನೆರವಾಗುವ ಕ್ಯಾಥೊಲಿಕರ ಸಂಘ ಸೇಂಟ್ ವಿನ್ಸೆಂಟ್ ಡಿ ಪೌಲ್ ಸೊಸೈಟಿ ಇದೆಯಾ ನೋಡಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದದ್ದು. ಇಬ್ಬಿಬ್ಬರಾಗಿ ಮನೆಗೇ ಹೋಗಿ ಕಷ್ಟಸುಖ ವಿಚಾರಿಸುವುದು ಅವರ ಪದ್ಧತಿ. ಅಂಗಳದಲ್ಲಿ ಸಾಲು ನಿಲ್ಲಿಸಿ ಹಂಚುವುದಕ್ಕಿಂತ ಇದು ಎಷ್ಟೋ ವಾಸಿ.

ಕ್ರಿಸ್‌ಮಸ್‌ಗೆ ಎಲ್ಲರ ಮನೆಗೆ ಕುಸ್ವಾರ್ (ಹಬ್ಬದ ತಿಂಡಿಗಳು) ಹಂಚುವಾಗ ತೋಟದ ಅವರ ಲೈನ್ ಮನೆಗೂ ಒಂದು ತಟ್ಟೆ ಹೋಗಲಿ. ಫೋಟೊ ಮಾತ್ರ ತೆಗೀಬೇಡಿ ಮಾರಾಯ್ರೆ.