ವಾಚ್ ತೋರಿಸುವ ಕ್ಯಾಲೊರಿ ಲೆಕ್ಕ ನಂಬಿ ಊಟ ಮಾಡಬಹುದೇ?

ನೀವು ಬರೆದದ್ದು ಇಷ್ಟು: ಗಂಡಸು, ವಯಸ್ಸು 38, ತೂಕ 78 ಕಿಲೊ. ಕೈಯಲ್ಲಿರುವ ವಾಚ್ ದಿನಕ್ಕೆ 2,600 ಕ್ಯಾಲೊರಿ ಖರ್ಚಾಗಿದೆ ಎನ್ನುತ್ತದೆ. ನೀವು ತಿಂದದ್ದನ್ನೆಲ್ಲ ಆಪ್‌ನಲ್ಲಿ ಬರೆದು 2,200 ದಾಟದಂತೆ ನೋಡಿಕೊಳ್ಳುತ್ತೀರಿ. ಎರಡು ತಿಂಗಳಾದರೂ ತೂಕ ಜಗ್ಗಿಲ್ಲ. ವಾಚ್ ಕೆಟ್ಟಿದೆಯೇ, ಇನ್ನೂ ದುಬಾರಿಯದು ಕೊಳ್ಳಬೇಕೇ ಎಂಬುದು ನಿಮ್ಮ ಪ್ರಶ್ನೆ.

ವಾಚ್ ಕೆಟ್ಟಿಲ್ಲ. ಅದು ಕೊಡುತ್ತಿರುವುದು ಅಂದಾಜು, ನೀವು ಅದನ್ನು ಅಳತೆ ಎಂದುಕೊಂಡಿದ್ದೀರಿ. ನಾನು ಹುಬ್ಬಳ್ಳಿಯಲ್ಲಿ ಆಹಾರತಜ್ಞೆ. ಈಚೆಗೆ ನನ್ನ ಬಳಿ ಬರುವವರಲ್ಲಿ ಬಹಳ ಮಂದಿ ಫೈಲ್ ತೆಗೆಯುವ ಮೊದಲು ಮೊಬೈಲ್ ತೆಗೆದು ಇದೇ ಅಂಕಿಯನ್ನು ತೋರಿಸುತ್ತಾರೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕ್ಯಾಲೊರಿ ಲೆಕ್ಕಕ್ಕಾಗಿ ವಾಚ್ ನಿಜವಾಗಿ ಅಳೆಯುವುದು ಮುಖ್ಯವಾಗಿ ಎರಡನ್ನು. ಹಿಂಬದಿಯ ಹಸಿರು ದೀಪ ಚರ್ಮದೊಳಗೆ ಬೆಳಕು ಬಿಟ್ಟು, ರಕ್ತ ಎಷ್ಟು ಬೆಳಕನ್ನು ಹೀರಿಕೊಂಡಿತು ಎಂಬುದರಿಂದ ಹೃದಯ ಬಡಿತ ಎಣಿಸುತ್ತದೆ. ಒಳಗಿರುವ ಪುಟ್ಟ ಸೆನ್ಸರ್ ಕೈಯ ಅಲುಗಾಟವನ್ನು ಗುರುತಿಸುತ್ತದೆ. ಕ್ಯಾಲೊರಿಯನ್ನು ಅಳೆಯುವ ಸೆನ್ಸರ್ ಅದರಲ್ಲಿ ಇಲ್ಲವೇ ಇಲ್ಲ. ಬಡಿತ, ಅಲುಗಾಟ, ನೀವು ತುಂಬಿಸಿದ ವಯಸ್ಸು, ಎತ್ತರ, ತೂಕ ಇವನ್ನೆಲ್ಲ ಒಂದು ಸೂತ್ರಕ್ಕೆ ಹಾಕಿ ಅಂಕಿಯೊಂದನ್ನು ತೆಗೆಯುತ್ತದೆ. ಆ ಸೂತ್ರ ಬೇರೆ ಯಾರ ಮೇಲೋ ನಡೆಸಿದ ಪ್ರಯೋಗಗಳ ಸರಾಸರಿ. ಕಂಪನಿಗಳು ಅದನ್ನು ಪೂರ್ತಿ ಬಿಚ್ಚಿ ಹೇಳುವುದೂ ಅಪರೂಪ.

ಸರಿಯಾಗಿ ಅಳೆಯುವ ದಾರಿಗಳಿವೆ, ಆದರೆ ಅವು ಪ್ರಯೋಗಾಲಯದವು. ಒಂದು, ಮುಖಕ್ಕೆ ಮಾಸ್ಕ್ ಹಾಕಿ ಎಷ್ಟು ಆಮ್ಲಜನಕ ಒಳಹೋಯಿತು, ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬಂತು ಎಂದು ನೋಡುವುದು. ಇನ್ನೊಂದು ನನಗೆ ಬಹಳ ಇಷ್ಟವಾದ ವಿಧಾನ. ಭಾರವಾದ ಹೈಡ್ರೋಜನ್ ಮತ್ತು ಭಾರವಾದ ಆಮ್ಲಜನಕ ಸೇರಿಸಿದ ನೀರನ್ನು ಕುಡಿಸುತ್ತಾರೆ. ಹೈಡ್ರೋಜನ್ ಮೂತ್ರ, ಬೆವರುಗಳಲ್ಲಿ ನೀರಾಗಿ ಮಾತ್ರ ಹೊರಹೋಗುತ್ತದೆ. ಆಮ್ಲಜನಕ ನೀರಾಗಿಯೂ ಹೋಗುತ್ತದೆ, ಉಸಿರಿನ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಒಂದೆರಡು ವಾರ ಮೂತ್ರ ಪರೀಕ್ಷಿಸಿ ಎರಡರ ವ್ಯತ್ಯಾಸ ತೆಗೆದರೆ ದೇಹ ಎಷ್ಟು ಡೈಆಕ್ಸೈಡ್ ಬಿಟ್ಟಿತು, ಅಂದರೆ ಎಷ್ಟು ಶಕ್ತಿ ವ್ಯಯಿಸಿತು ಎಂದು ತಿಳಿಯುತ್ತದೆ. ಆ ಮನುಷ್ಯ ಅಷ್ಟೂ ದಿನ ತನ್ನ ಪಾಡಿಗೆ ಆಫೀಸು, ಮನೆ ಅಂತ ಓಡಾಡಿಕೊಂಡಿರಬಹುದು.

2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಜನರಿಗೆ ಏಳು ಬಗೆಯ ವಾಚ್, ಬ್ಯಾಂಡ್ ಕಟ್ಟಿ ನಡೆಸಿ, ಓಡಿಸಿ, ಸೈಕಲ್ ತುಳಿಸಿ, ಉಸಿರಿನ ಅಳತೆಯ ಜೊತೆ ತಾಳೆ ನೋಡಿದರು. ಹೃದಯ ಬಡಿತದಲ್ಲಿ ಏಳರಲ್ಲಿ ಆರು ಉಪಕರಣಗಳ ತಪ್ಪು ಶೇಕಡಾ 5ರೊಳಗೇ ಇತ್ತು. ಕ್ಯಾಲೊರಿಗೆ ಬಂದಾಗ ಎಲ್ಲಕ್ಕಿಂತ ಚೆನ್ನಾಗಿದ್ದದ್ದೇ ಸರಾಸರಿ ಶೇಕಡಾ 27ರಷ್ಟು ತಪ್ಪಿತು, ಕೊನೆಯದು ಶೇಕಡಾ 93ರಷ್ಟು. ಆ ಮಾದರಿಗಳು ಈಗ ಹಳೆಯವು. ಆದರೆ ಬಡಿತವನ್ನು ಎಷ್ಟೇ ಚೆನ್ನಾಗಿ ಎಣಿಸಿದರೂ ಅದರಿಂದ ಕ್ಯಾಲೊರಿಗೆ ಹಾರುವ ಹೆಜ್ಜೆ ಇಂದಿಗೂ ಅಂದಾಜೇ. ತಪ್ಪು ಯಾವಾಗಲೂ ಹೆಚ್ಚಿನ ಕಡೆಗೇ ಇರುತ್ತದೆ ಎಂದೂ ಹೇಳಲಾಗದು. 2016ರಲ್ಲಿ ಜಪಾನಿನಲ್ಲಿ 12 ಉಪಕರಣಗಳನ್ನು ನಾನು ಮೇಲೆ ಹೇಳಿದ ನೀರಿನ ವಿಧಾನದೊಂದಿಗೆ ಹೋಲಿಸಿದಾಗ, ದಿನನಿತ್ಯದ ಬದುಕಿನಲ್ಲಿ ಹೆಚ್ಚಿನವು ನಿಜಕ್ಕಿಂತ ಕಡಿಮೆಯನ್ನೇ ತೋರಿಸಿದ್ದವು. ಆದ್ದರಿಂದ "ಹೇಗೂ ಶೇಕಡಾ 20 ಕಳೆದರಾಯಿತು" ಎಂಬ ಸುಲಭದ ಉಪಾಯವನ್ನು ನಾನು ಒಪ್ಪುವುದಿಲ್ಲ.

ಎಡವಟ್ಟಾಗುವುದು ಎಲ್ಲಿ? ಮೆಟ್ಟಿಲು ಹತ್ತಿದರೂ ಬಡಿತ ಏರುತ್ತದೆ, ಮೇಲಧಿಕಾರಿ ಬೈದರೂ ಏರುತ್ತದೆ. ಏಪ್ರಿಲ್ ಬಿಸಿಲು, ಸ್ಟ್ರಾಂಗ್ ಕಾಫಿ, ನಿದ್ದೆಗೆಟ್ಟ ರಾತ್ರಿ ಎಲ್ಲವೂ ಬಡಿತ ಏರಿಸುತ್ತವೆ, ಆದರೆ ಅದಕ್ಕೆ ತಕ್ಕಷ್ಟು ಕ್ಯಾಲೊರಿ ಖರ್ಚಾಗುವುದಿಲ್ಲ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ತಿರುವುಮುರುವು: ಕಷ್ಟಪಟ್ಟರೂ ಬಡಿತ ಏರದು, ವಾಚ್ ಅವರ ಶ್ರಮವನ್ನು ಕಡಿಮೆ ಎಣಿಸಬಹುದು. ಕೈಯ ಅಲುಗಾಟದ ಕಥೆಯೂ ಇಂಥದ್ದೇ. ನಮ್ಮ ಕಡೆ ಜೋಳದ ರೊಟ್ಟಿ ಬಡಿಯುವ ಹೆಂಗಸು ವಾಚ್ ಕಟ್ಟಿಕೊಂಡರೆ ಕೂತಲ್ಲೇ ಹೆಜ್ಜೆ ಏರಬಹುದು. ಎರಡೂ ಕೈಯಲ್ಲಿ ನೀರಿನ ಕೊಡ ಹೊತ್ತು ನಡೆದರೆ ಕೈ ಬೀಸದ ಕಾರಣ ಹೆಜ್ಜೆ ತಪ್ಪಿಹೋಗಬಹುದು. ಭಾರ ಎತ್ತುವ ವ್ಯಾಯಾಮ, ಸೈಕಲ್ ಇವುಗಳಲ್ಲೂ ಮಣಿಕಟ್ಟಿನಿಂದ ಸಿಗುವ ಮಾಹಿತಿ ಕಡಿಮೆ.

ಇನ್ನೊಂದು ವಿಷಯಕ್ಕೆ ಯಾರೂ ಗಮನ ಕೊಡುವುದಿಲ್ಲ, ನಿಮಗೆ ಅದು ನೇರವಾಗಿ ಸಂಬಂಧಿಸಿದ್ದು. ನಿಮ್ಮ 2,600ರಲ್ಲಿ ದೊಡ್ಡ ಪಾಲು ವ್ಯಾಯಾಮದ್ದಲ್ಲ, ಸುಮ್ಮನೆ ಮಲಗಿದ್ದರೂ ದೇಹ ಉರಿಸುವ ಶಕ್ತಿ, ಬಿಎಂಆರ್. ವಿಶ್ವ ಆರೋಗ್ಯ ಸಂಸ್ಥೆ ಮತ್ತಿತರ ವಿಶ್ವಸಂಸ್ಥೆಯ ಅಂಗಗಳು 1985ರಲ್ಲಿ ಕೊಟ್ಟ ಸೂತ್ರದಲ್ಲಿ 30ರಿಂದ 60ರೊಳಗಿನ ಗಂಡಸರಿಗೆ ತೂಕವನ್ನು 11.6ರಿಂದ ಗುಣಿಸಿ 879 ಕೂಡಿಸಬೇಕು. ನಿಮಗೆ 1,784 ಬರುತ್ತದೆ. ಭಾರತೀಯರ ಬಿಎಂಆರ್ ಇದಕ್ಕಿಂತ ಕಡಿಮೆ ಇರುವುದು ಇಲ್ಲಿನ ಅಧ್ಯಯನಗಳಲ್ಲಿ ಕಂಡಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಈ ಬಗ್ಗೆ ಬಹಳ ಕೆಲಸ ನಡೆದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಭಾರತೀಯರಿಗೆಂದು ತಗ್ಗಿಸಿಕೊಂಡ ಸೂತ್ರದಲ್ಲಿ ಗುಣಕ 10.9, ಕೂಡಿಸುವುದು 833. ಅದರಂತೆ ನಿಮ್ಮದು 1,683. ಹಾಸಿಗೆಯಿಂದ ಏಳುವ ಮೊದಲೇ 100 ಕ್ಯಾಲೊರಿ ವ್ಯತ್ಯಾಸ! ನಿಮ್ಮ ವಾಚ್ ಹೊರಗಿನವರ ಇಂಥ ಸೂತ್ರವನ್ನೇ ಬಳಸುತ್ತಿದ್ದರೆ, ನೀವು ಎಷ್ಟೇ ಶಿಸ್ತಿನಿಂದ ನಡೆದರೂ ಈ ತಪ್ಪು ಸರಿಹೋಗುವುದಿಲ್ಲ, ಏಕೆಂದರೆ ಅದು ನಿಮ್ಮದಲ್ಲ, ಸೂತ್ರದ್ದು. ಅದೇ 78 ಕಿಲೊದಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂಬುದೂ ವಾಚ್‌ಗೆ ಗೊತ್ತಿಲ್ಲ.

ವಾಕಿಂಗ್ ಲೆಕ್ಕದಲ್ಲಿಯೂ ಇದೇ ಬಿಎಂಆರ್ ನುಸುಳುತ್ತದೆ. ನೀವು 40 ನಿಮಿಷ ಬಿರುಸಾಗಿ ನಡೆದರೆ ಒಟ್ಟು ಸುಮಾರು 180 ಕ್ಯಾಲೊರಿ. ಅಷ್ಟು ಹೊತ್ತು ಕುರ್ಚಿಯಲ್ಲಿ ಕೂತಿದ್ದರೂ 50ರಷ್ಟು ಹೋಗುತ್ತಿತ್ತು. ನಡೆದದ್ದರಿಂದ ಹೆಚ್ಚುವರಿಯಾಗಿ ಹೋದದ್ದು 130. ಅಡುಗೆಗೆ ಬಿದ್ದ ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಇರುತ್ತದೆ. ವಾಚ್ 180 ಎಂದಿತು ಎಂದು 180ರಷ್ಟು ಹೆಚ್ಚು ತಿಂದರೆ ಒಂದೇ ಖರ್ಚನ್ನು ಎರಡು ಸಲ ಹಿಡಿದಂತೆ.

ಈಗ ನಿಮ್ಮ ಅಂಕಿಗಳಿಗೆ ಬರೋಣ. ದಿನಕ್ಕೆ 400ರ ಕೊರತೆ ನಿಜವಾಗಿದ್ದರೆ 60 ದಿನಕ್ಕೆ 24,000. ಒಂದು ಕಿಲೊ ಕೊಬ್ಬಿಗೆ ಅಂದಾಜು 7,700 ಹಿಡಿದರೆ ಮೂರು ಕಿಲೊ ಇಳಿಯಬೇಕಿತ್ತು. ಇಳಿದಿಲ್ಲ. ಅಂದರೆ ನಿಮ್ಮ ಖರ್ಚು 2,200ರ ಆಸುಪಾಸಿನಲ್ಲಿದೆ, ಇಲ್ಲವೇ ನೀವು ತಿನ್ನುತ್ತಿರುವುದು ಬರೆದಿಟ್ಟದ್ದಕ್ಕಿಂತ ಹೆಚ್ಚು. ಬಹುಪಾಲು ಎರಡೂ ಸ್ವಲ್ಪ ಸ್ವಲ್ಪ ಇರುತ್ತವೆ. ಬೇಸರ ಮಾಡಿಕೊಳ್ಳಬೇಡಿ, ಇದು ಎಲ್ಲರಲ್ಲೂ ಇರುವ ಸಂಗತಿ: ಎಷ್ಟು ಪ್ರಯತ್ನಿಸಿದರೂ ತೂಕ ಇಳಿಯದು ಎನ್ನುವವರ ಮೇಲೆ 1992ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಅಧ್ಯಯನದಲ್ಲಿ ಅವರು ತಿಂದದ್ದನ್ನು ಸರಾಸರಿ ಶೇಕಡಾ 47ರಷ್ಟು ಕಡಿಮೆ ಹೇಳಿದ್ದರು. ಒಗ್ಗರಣೆಯ ಎಣ್ಣೆ, ಚಹಾದ ಸಕ್ಕರೆ, ಶೇಂಗಾ ಚಟ್ನಿ, ಮಕ್ಕಳು ಬಿಟ್ಟ ತುತ್ತು ಇವು ಯಾವ ಆಪ್‌ಗೂ ತಾವಾಗಿ ಸೇರುವುದಿಲ್ಲ.

ನಾನಾದರೆ ಹೀಗೆ ಮಾಡುತ್ತೇನೆ: ವಾಚಿನ ಕ್ಯಾಲೊರಿ ಪರದೆಯನ್ನು ಸೆಟ್ಟಿಂಗ್ಸ್‌ನಲ್ಲಿ ಅಡಗಿಸಿಬಿಡಿ. ಬೆಳಿಗ್ಗೆ ಶೌಚ ಮುಗಿಸಿ, ಏನೂ ಕುಡಿಯದೆ ತೂಕ ನೋಡಿ ಬರೆದಿಡಿ, ವಾರದ ಸರಾಸರಿಯನ್ನು ವಾರದ ಸರಾಸರಿಗೆ ಹೋಲಿಸಿ. ದಿನದಿಂದ ದಿನಕ್ಕೆ ಉಪ್ಪು, ನೀರಿನಿಂದಲೇ ಒಂದು ಕಿಲೊ ಆಚೀಚೆ ಆಗುತ್ತದೆ. ಈಗ ತಿನ್ನುವುದರಲ್ಲಿ 250-300 ಕ್ಯಾಲೊರಿ ತಗ್ಗಿಸಿ ನಾಲ್ಕು ವಾರ ಕಾಯಿರಿ. ತೂಕದ ಯಂತ್ರ ಹೇಳುವುದೇ ನಿಮ್ಮ ದೇಹದ ಲೆಕ್ಕ. ಸೂತ್ರವನ್ನು ನಿಮಗೆ ಹೊಂದಿಸಲು ಅದಕ್ಕಿಂತ ಒಳ್ಳೆಯ ಸಾಧನ ಮನೆಯಲ್ಲಿ ಸಿಗದು. ಆಗಲೂ ಕದಲದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಹಾಗೆಂದು ವಾಚ್ ಬಿಚ್ಚಿಡಬೇಡಿ. ಹೋದ ತಿಂಗಳಿಗಿಂತ ಈ ತಿಂಗಳು ಹೆಚ್ಚು ನಡೆದಿರಾ, ವಿಶ್ರಾಂತಿಯಲ್ಲಿನ ಬಡಿತ ಇಳಿಯುತ್ತಿದೆಯೇ ಎಂದು ನೋಡಲು ಅದು ನಿಜಕ್ಕೂ ಉಪಯುಕ್ತ. ದುಬಾರಿ ವಾಚ್ ಮಾತ್ರ ಬೇಡ. ಎದೆಗೆ ಕಟ್ಟುವ ಪಟ್ಟಿ ಕೊಂಡರೂ ನಿಖರವಾಗುವುದು ಬಡಿತದ ಎಣಿಕೆ, ಕ್ಯಾಲೊರಿಗೆ ಅದೂ ಇಂಥದೇ ಸೂತ್ರವನ್ನು ನೆಚ್ಚಿಕೊಂಡಿದೆ. ದುಡ್ಡು ಹಾಕಲೇಬೇಕೆಂದಿದ್ದರೆ ಅಡುಗೆಮನೆಗೆ ಗ್ರಾಂ ಲೆಕ್ಕದಲ್ಲಿ ತೂಗುವ ಒಂದು ಪುಟ್ಟ ತಕ್ಕಡಿ ತನ್ನಿ. ಎಣ್ಣೆಯಿಂದಲೇ ತೂಗಲು ಶುರು ಮಾಡಿ.