ಫೋನ್ ಕಳೆದುಹೋದ ಕೂಡಲೇ ಎರೇಸ್ ಮಾಡಬೇಕಾ?

ಬೇಡ. ಇನ್ನೂ ಒತ್ತಿಲ್ಲ ಅಂದ್ರೆ ದಯವಿಟ್ಟು ಒತ್ತಬೇಡಿ. ಆಂಡ್ರಾಯ್ಡ್ ಫೋನ್ ಬಸ್ಸಲ್ಲಿ ಬಿಟ್ಟಿದ್ದೀರಿ, ಮ್ಯಾಪಲ್ಲಿ ನಿನ್ನೆಯ ಜಾಗವೇ ಇದೆ, ಸೇಫ್ಟಿಗೆ ಎಲ್ಲ ಅಳಿಸಿಬಿಡಲಾ ಅಂತ ಕೇಳಿದ್ದೀರಿ. ನಾನು ಅಳಿಸಿದವನು, ಅದಕ್ಕೇ ಹೇಳ್ತಿದ್ದೇನೆ.

ನನ್ನದೂ ಬಸ್ಸಲ್ಲೇ ಹೋಯಿತು. ಇಳಿದ ಮೇಲೆ ಜೇಬು ಮುಟ್ಟಿ ನೋಡಿದರೆ ಖಾಲಿ. ತಮ್ಮನ ಫೋನಿಂದ ಕಾಲ್ ಮಾಡಿದರೆ ಸ್ವಿಚ್ ಆಫ್. ಲ್ಯಾಪ್‌ಟಾಪಲ್ಲಿ ಗೂಗಲ್‌ನ ಫೈಂಡ್ ಮೈ ಡಿವೈಸ್ ತೆರೆದೆ, ಈಗ ಅದನ್ನೇ ಫೈಂಡ್ ಹಬ್ ಅಂತಾರೆ. ಫೋನಿನ ಹೆಸರು, ಅದರ ಕೆಳಗೆ ಕೊನೆಯ ಸಲ ಕಂಡ ಹೊತ್ತು, ಆಮೇಲೆ ಮೂರು ಆಯ್ಕೆ: ಸೌಂಡ್ ಮಾಡು, ಸೆಕ್ಯೂರ್ ಮಾಡು, ಎರೇಸ್ ಮಾಡು. ನನ್ನ ತಲೆ ತುಂಬ ಬ್ಯಾಂಕ್ ಆ್ಯಪ್, ಮನೆಯವರ ಫೋಟೋ, ಆಫೀಸ್ ಮೇಲ್. ಮೊದಲೆರಡನ್ನು ನೋಡಲೇ ಇಲ್ಲ, ಸೀದಾ ಎರೇಸ್. ಅಳಿಸಿದ ಮೇಲೆ ಈ ಫೋನನ್ನು ಇಲ್ಲಿಂದ ಹುಡುಕೋಕಾಗಲ್ಲ ಅಂತ ಎಚ್ಚರಿಕೆ ಬಂತು. ಅದನ್ನೂ ಓದದೆ ಮುಂದೆ ಹೋದೆ.

ಆಗ ಏನಾಯಿತು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಲ್ಲರೂ ಎಡವೋದು ಇಲ್ಲೇ. ಫೋನ್ ಆಫ್ ಇದ್ದಾಗ ಎರೇಸ್ ಒತ್ತಿದರೆ ಏನೂ ಆಗಲ್ಲ. ಆ ಆದೇಶ ಕಾಯುತ್ತಾ ಕೂತಿರುತ್ತೆ. ಯಾರಾದರೂ ಫೋನ್ ಆನ್ ಮಾಡಿ ಅದಕ್ಕೆ ನೆಟ್ ಸಿಕ್ಕಿದಾಗ ತನ್ನನ್ನು ತಾನೇ ಅಳಿಸಿಕೊಳ್ಳುತ್ತೆ. ಅಂದರೆ ಫೋನ್ ಸಿಗಬಹುದಾಗಿದ್ದ ಆ ಒಂದೇ ಗಳಿಗೆಯನ್ನು ನಾನು ಹಿಂದಿನ ರಾತ್ರಿಯೇ ಖರ್ಚು ಮಾಡಿಬಿಟ್ಟಿದ್ದೆ. ಬೆಳಗ್ಗೆ ಸುಮ್ನೆ ನಂಬರಿಗೆ ಕಾಲ್ ಮಾಡಿದೆ, ರಿಂಗಾಯಿತು! ಲ್ಯಾಪ್‌ಟಾಪಿಗೆ ಓಡಿ ಮ್ಯಾಪ್ ರಿಫ್ರೆಶ್ ಮಾಡುವಷ್ಟರಲ್ಲಿ ಕಾಲ್ ಕಟ್. ಆಮೇಲೆ ಮ್ಯಾಪೂ ಇಲ್ಲ, ರಿಂಗೂ ಇಲ್ಲ. ಅದೇ ಸೆಕ್ಯೂರ್ ಒತ್ತಿದ್ದರೆ ಫೋನ್ ಲಾಕ್ ಆಗಿ, ಸ್ಕ್ರೀನ್ ಮೇಲೆ ನನ್ನ ಮೆಸೇಜು, ತಮ್ಮನ ನಂಬರು ಬಂದು, ಮ್ಯಾಪಲ್ಲಿ ಹೊಸ ಜಾಗವೂ ಕಾಣುತ್ತಿತ್ತು. ಆನ್ ಮಾಡಿದವರು ಕಳ್ಳರೇ ಅಂತ ಏನು ಗ್ಯಾರಂಟಿ? ಕಂಡಕ್ಟರೇ ಇದ್ದಿರಬಹುದು, ವಾಪಸ್ ಕೊಡೋಕೆ ನಂಬರ್ ಹುಡುಕುತ್ತಿದ್ದಿರಬಹುದು.

ಸೇಫ್ಟಿ ಅನ್ನೋ ವಾದವೂ ನನಗೆ ಒಪ್ಪಿಗೆ ಇಲ್ಲ. ನಿಮ್ಮ ಫೋನಿಗೆ ಪಿನ್ ಇತ್ತು ಅಲ್ವಾ? ಈಚಿನ ಫೋನ್‌ಗಳಲ್ಲಿ ಒಳಗಿನ ಡೇಟಾ ಎನ್‌ಕ್ರಿಪ್ಟ್ ಆಗಿಯೇ ಇರುತ್ತೆ, ಪಿನ್ ಇಲ್ಲದೆ ಯಾರೂ ಸುಲಭಕ್ಕೆ ಓದೋಕಾಗಲ್ಲ. ಪಿನ್ ಇರಲಿಲ್ಲ ಅಂದ್ರೂ ಸೆಕ್ಯೂರ್ ಆಯ್ಕೆಯಿಂದಲೇ ಹೊಸದಾಗಿ ಲಾಕ್ ಹಾಕಬಹುದು. ಇನ್ನು ಎರೇಸ್ ಮಾಡಿದರೂ ಮೆಮೊರಿ ಕಾರ್ಡಲ್ಲಿ ಇರೋದು ಹಾಗೇ ಉಳಿಯಬಹುದು. ಎರೇಸ್ ಕಟ್ಟಕಡೆಗೆ, ಫೋನಿನ ಆಸೆ ಪೂರ್ತಿ ಬಿಟ್ಟ ಮೇಲೆ. ಐಫೋನ್ ಕಥೆ ಬೇರೆ, ಐಒಎಸ್ 15ರಿಂದ ಈಚೆಗೆ ಎರೇಸ್ ಮಾಡಿದರೂ ಹುಡುಕಬಹುದು. ಆದರೆ ಫೋನನ್ನು ನಿಮ್ಮ ಆ್ಯಪಲ್ ಅಕೌಂಟಿಂದ ಮಾತ್ರ ತೆಗೆಯಬಾರದು, ತೆಗೆದರೆ ಆ್ಯಕ್ಟಿವೇಶನ್ ಲಾಕೂ (ನಿಮ್ಮ ಪಾಸ್‌ವರ್ಡ್ ಇಲ್ಲದೆ ಬೇರೆಯವರು ಫೋನ್ ಬಳಸದ ಹಾಗೆ ತಡೆಯೋ ಬೀಗ) ಹೋಗುತ್ತೆ, ಕದ್ದವನಿಗೆ ಹಬ್ಬ.

ಮ್ಯಾಪ್ ಹಳೇ ಜಾಗ ತೋರಿಸ್ತಿದೆ ಅಂತ ಈಗಲೇ ಕೈಬಿಡಬೇಡಿ. 2024ರಿಂದ ಆಂಡ್ರಾಯ್ಡಲ್ಲೂ ಅಕ್ಕಪಕ್ಕದ ಫೋನ್‌ಗಳು ಬ್ಲೂಟೂತ್ ಮೂಲಕ ನೆಟ್ ಇಲ್ಲದ ಫೋನಿನ ಸುಳಿವು ಕೊಡುತ್ತವೆ. ಸಾಮಾನ್ಯವಾಗಿ ಅದು ಜನ ಜಾಸ್ತಿ ಓಡಾಡೋ ಕಡೆ ಮಾತ್ರ ಕೆಲಸ ಮಾಡುವ ಹಾಗೆ ಸೆಟ್ ಆಗಿರುತ್ತೆ. ಎಲ್ಲ ಕಡೆ ಅಂತ ಬದಲಾಯಿಸುವ ಸೆಟ್ಟಿಂಗ್ ಇದೆ, ಆದರೆ ಫೋನ್ ಕೈಯಲ್ಲಿದ್ದಾಗಲೇ ಮಾಡಿರಬೇಕು. ಮುಂದಿನ ಫೋನಿಗಾದರೂ ಮಾಡಿ.

ನಂಬರ್ ಹಾಕಿದರೆ ಲೈವ್ ಲೊಕೇಶನ್ ತೋರಿಸೋ ಸೈಟ್ ಇದ್ದರೆ ಹೇಳಿ ಅಂತಲೂ ಬರೆದಿದ್ದೀರಿ. ಅಂಥ ಸೈಟ್‌ಗಳ ಹತ್ತಿರಕ್ಕೂ ಹೋಗಬೇಡಿ. ನಂಬರ್ ಒಂದರಿಂದಲೇ ನಿಮ್ಮ ಫೋನ್ ಎಲ್ಲಿದೆ ಅಂತ ಅವರಿಗೆ ಗೊತ್ತಾಗೋಕೆ ದಾರಿಯೇ ಇಲ್ಲ. ದುಡ್ಡೋ ಪಾಸ್‌ವರ್ಡೋ ಕಿತ್ತುಕೊಳ್ಳೋದಷ್ಟೇ ಅವರ ಕೆಲಸ.

ಹಾಗಾಗಿ ಈಗಲೇ ಸೆಕ್ಯೂರ್ ಒತ್ತಿ. ಹೊಸ ಆ್ಯಪಲ್ಲಿ ಅದು ಲಾಸ್ಟ್ ಅಂತ ಗುರುತು ಹಾಕುವ ಆಯ್ಕೆಯಾಗಿರಬಹುದು, ಕೆಲಸ ಅದೇ. ಮೆಸೇಜಿಗೆ ಮನೆಯವರ ನಂಬರ್ ಕೊಡಿ, ಕಳೆದುಹೋದ ನಂಬರನ್ನೇ ಕೊಟ್ಟುಬಿಡಬೇಡಿ (ಗಾಬರಿಯಲ್ಲಿ ಹಾಗೂ ಆಗುತ್ತೆ). ಫೋನಿನ ಹೆಸರಿನ ಪಕ್ಕದ ಮಾಹಿತಿ ಗುರುತು ಒತ್ತಿದರೆ ಐಎಂಇಐ, ಅಂದರೆ ಆ ಫೋನಿಗೇ ಇರುವ ಗುರುತಿನ ನಂಬರ್, ಸಿಗುತ್ತೆ, ಹಳೇ ಡಬ್ಬದ ಮೇಲೂ ಇರುತ್ತೆ, ಪೊಲೀಸ್ ಕಂಪ್ಲೇಂಟಿಗೆ ಅದು ಬೇಕು. ಮ್ಯಾಪಲ್ಲಿ ಫೋನ್ ತೋರಿಸೋ ಚುಕ್ಕೆ ಯಾವುದೋ ಬಿಲ್ಡಿಂಗ್ ಮೇಲೆ ಬಂದರೆ ಒಬ್ಬರೇ ಹೋಗಿ ಬಾಗಿಲು ತಟ್ಟಬೇಡಿ, ಆ ಚುಕ್ಕೆ ಯಾವ ಮಹಡಿ ಅಂತ ಹೇಳಲ್ಲ, ಪಕ್ಕದ ಮನೆಯೂ ಆಗಿರಬಹುದು.

ಸಿಮ್ ವಿಷಯದಲ್ಲಿ ಮಾತ್ರ ಲೇಟ್ ಮಾಡಬೇಡಿ. ಬ್ಲಾಕ್ ಮಾಡಿಸಿದರೆ ಫೋನಿಗೆ ಮೊಬೈಲ್ ಡೇಟಾ ಸಿಗಲ್ಲ, ಹುಡುಕೋದು ಕಷ್ಟ ಆಗುತ್ತೆ, ನಿಜ. ಆದರೆ ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿದರೆ ನಿಮ್ಮ ಒಟಿಪಿಗಳೆಲ್ಲ ಅಲ್ಲಿಗೇ ಹೋಗುತ್ತವೆ. ಸ್ಕ್ರೀನ್ ಲಾಕ್ ಅದನ್ನ ತಡೆಯಲ್ಲ. ಬ್ಯಾಂಕಿಗೆ ಕೊಟ್ಟ ನಂಬರ್ ಅದೇ ಆಗಿದ್ದರೆ ಸೆಕ್ಯೂರ್ ಒತ್ತಿದ ಬೆನ್ನಿಗೇ ಬ್ಲಾಕ್ ಮಾಡಿಸಿ.