ಭ್ರೂಣ ಸಂಶೋಧನೆಯ ಕಾನೂನು ರಾಷ್ಟ್ರಪತಿ ಅಂಕಿತ ಬಿದ್ದ ದಿನವೇ ಜಾರಿಯಾಗುತ್ತದೆಯೇ?

ಎಆರ್‌ಟಿ ಕಾಯ್ದೆಗೆ (ಐವಿಎಫ್‌ನಂಥ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನವನ್ನು ನಿಯಂತ್ರಿಸುವ ಕಾಯ್ದೆ) 2021ರ ಡಿಸೆಂಬರ್ 18ರಂದು ಅಂಕಿತ ಬಿತ್ತು ಎಂದು ಓದಿದ್ದೀರಿ, ಅಂದಿನಿಂದಲೇ ಲ್ಯಾಬುಗಳಿಗೆ ಅನ್ವಯವಾಯಿತೇ ಎಂದು ಕೇಳಿದ್ದೀರಿ. ಇಲ್ಲ. ಅದು ಜಾರಿಗೆ ಬಂದದ್ದು 2022ರ ಜನವರಿ 25ರಂದು. ನಡುವಿನ ಐದು ವಾರ ಅದು ಕಾಯ್ದೆಯೇನೋ ಹೌದು, ಆದರೆ ಅದರಡಿ ಯಾರ ಮೇಲೂ ಕೇಸು ಹಾಕುವಂತಿರಲಿಲ್ಲ.

ಕಾರಣ ಕಾಯ್ದೆಯ ಮೊದಲನೇ ಸೆಕ್ಷನ್ನಿನಲ್ಲೇ ಇದೆ. ಹೆಸರು ಓದಿಕೊಂಡು ಎಲ್ಲರೂ ದಾಟಿಹೋಗುವ ಜಾಗ ಅದು. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಿ ಗೊತ್ತುಪಡಿಸಿದ ದಿನದಿಂದ ಜಾರಿ ಎಂದು ಅಲ್ಲಿ ಬರೆದಿದೆ. ಇಂಥ ಸಾಲು ಇಲ್ಲದ ಕೇಂದ್ರ ಕಾಯ್ದೆಯಾದರೆ ಮಾತ್ರ, 1897ರ ಜನರಲ್ ಕ್ಲಾಸಸ್ ಆಕ್ಟ್‌ನ 5ನೇ ಸೆಕ್ಷನ್ ಪ್ರಕಾರ ಅಂಕಿತದ ದಿನವೇ ಜಾರಿ. ಸರ್ಕಾರ ದಿನಾಂಕ ಗೊತ್ತುಮಾಡದೆ ಸುಮ್ಮನೆ ಕೂತರೆ? ಕೋರ್ಟಿಗೆ ಹೋದರೂ ಹೆಚ್ಚೇನೂ ಗಿಟ್ಟುವುದಿಲ್ಲ. ಸಂವಿಧಾನದ 44ನೇ ತಿದ್ದುಪಡಿಯ ಒಂದು ಸೆಕ್ಷನ್ 1978ರಿಂದ ಹಾಗೇ ಬಿದ್ದಿದೆ; ಎ.ಕೆ. ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅದನ್ನು ಜಾರಿಮಾಡಿ ಎಂದು ಆದೇಶಿಸಲು ಒಪ್ಪಲಿಲ್ಲ.

ಈಗ ಸಂಶೋಧನೆಯ ವಿಷಯ. ಅದು 30ನೇ ಸೆಕ್ಷನ್, ಎರಡೇ ಸಾಲಿನದ್ದು. ಸಂಶೋಧನೆಗಾಗಿ ಭ್ರೂಣವನ್ನಾಗಲಿ, ಅಂಡ-ವೀರ್ಯವನ್ನಾಗಲಿ ಹೊರದೇಶಕ್ಕೆ ಕಳಿಸುವುದು ಪೂರ್ತಿ ನಿಷಿದ್ಧ ಎನ್ನುತ್ತದೆ ಮೊದಲ ಸಾಲು. ಇದಕ್ಕೆ ಬೇರೆ ನಿಯಮದ ಹಂಗಿಲ್ಲ, ಜನವರಿ 25ರಂದೇ ಬಿಗಿಯಾಯಿತು. ಎರಡನೆಯದು ದೇಶದೊಳಗಿನ ಸಂಶೋಧನೆ 'ನಿಯಮಿಸಬಹುದಾದ ರೀತಿಯಲ್ಲಿ' ನಡೆಯಬೇಕು ಎನ್ನುತ್ತದೆ. ಆ ರೀತಿ ಯಾವುದು ಎಂದು ಹೇಳಬೇಕಾದದ್ದು ನಿಯಮಾವಳಿ. ನಿಯಮಾವಳಿ ಹೊರಬಿದ್ದದ್ದು 2022ರ ಜೂನ್ 7ರಂದು. ಅಂದರೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಸೆಕ್ಷನ್ ಜಾರಿಯಲ್ಲಿತ್ತು, ಅದರ ಹೊಟ್ಟೆ ಖಾಲಿಯಿತ್ತು. ನನ್ನ ಕೇಳಿದರೆ ಅಂಕಿತಕ್ಕೂ ಜಾರಿಗೂ ನಡುವಿನ ಐದು ವಾರಕ್ಕಿಂತ ಈ ಅಂತರವೇ ಹೆಚ್ಚು ಗೊಂದಲದ್ದು, ಆದರೆ ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಅಂಕಿತ ಮಾತ್ರ.

(ಭ್ರೂಣವನ್ನು ಲ್ಯಾಬಿನಲ್ಲಿ 14 ದಿನಕ್ಕಿಂತ ಹೆಚ್ಚು ಬೆಳೆಸಬಾರದು ಎಂಬ, ನೀವು ಕೇಳುತ್ತಿರುವ ಮಿತಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ ಹೊರಡಿಸಿದ 2017ರ ಕಾಂಡಕೋಶ ಮಾರ್ಗಸೂಚಿಯಲ್ಲಿದೆ. ಮಾರ್ಗಸೂಚಿಗೆ ಅಂಕಿತವೂ ಬೇಕಿಲ್ಲ, ಜಾರಿಯ ಅಧಿಸೂಚನೆಯೂ ಬೇಕಿಲ್ಲ.)

ಹೀಗೆ ಕಂತು ಕಂತಾಗಿ ಜಾರಿಮಾಡುವುದು ನಮ್ಮವರ ಆಲಸ್ಯ ಎಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ 1990ರ ಭ್ರೂಣ ಕಾಯ್ದೆಗೆ ನವೆಂಬರ್ 1ರಂದು ರಾಣಿಯ ಅಂಕಿತವಾದರೂ ಬಹುಪಾಲು ಜಾರಿಯಾದದ್ದು ಮರುವರ್ಷ ಆಗಸ್ಟ್ 1ಕ್ಕೆ. ಲೈಸೆನ್ಸ್ ಇಲ್ಲದೆ ಭ್ರೂಣ ಸಂಶೋಧನೆ ಅಪರಾಧ ಎನ್ನುವ ಮೊದಲು ಲೈಸೆನ್ಸ್ ಕೊಡುವ ಪ್ರಾಧಿಕಾರ ಕೆಲಸಕ್ಕೆ ಕೂರಬೇಕಲ್ಲ. ಕೆನಡಾದ ಕಥೆ ಮಾತ್ರ ಅತಿಯಾಯಿತು: 2004ರ ಕಾಯ್ದೆಯಲ್ಲಿ ಕೆಲವು ನಿಷೇಧಗಳು ಅದೇ ಏಪ್ರಿಲ್‌ನಲ್ಲೇ ಜಾರಿಗೆ ಬಂದವು, ದಾನಿಗಳ ವೀರ್ಯ-ಅಂಡದ ಸುರಕ್ಷತೆಯ 10ನೇ ಸೆಕ್ಷನ್ನಿಗೆ 2020ರ ಫೆಬ್ರುವರಿ ಬರಬೇಕಾಯಿತು. ನಡುವೆ 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಾಯ್ದೆಯ ಹಲವು ಸೆಕ್ಷನ್‌ಗಳನ್ನು ತೆಗೆದೇ ಹಾಕಿತ್ತು.

ನಿಮ್ಮ ಪ್ರಬಂಧದಲ್ಲಿ 'ಕಾಯ್ದೆ 2021ರಿಂದ ಜಾರಿಯಲ್ಲಿದೆ' ಎಂದು ಬರೆಯಬೇಡಿ. ಅಂಕಿತ, ಜಾರಿ, ನಿಯಮಾವಳಿ ಮೂರರ ದಿನಾಂಕಗಳನ್ನೂ ಬೇರೆಬೇರೆಯಾಗಿ ಕೊಡಿ. ಇಂಡಿಯಾ ಕೋಡ್ ಜಾಲತಾಣದಲ್ಲಿ ಕಾಯ್ದೆ ಸಿಗುತ್ತದೆ, ಅಧಿಸೂಚನೆಯನ್ನು ಇ-ಗೆಜೆಟ್‌ನಲ್ಲಿ ಹುಡುಕಿ.